ಪಿಂಚಣಿ ಹೋಗಿ ಖಾತೆ ಬಂತು: ಅಮೆರಿಕದ ದುಡಿಯುವವರ ಮುಪ್ಪಿನ ಲೆಕ್ಕ

1,85,000 ಡಾಲರ್. ರೂಪಾಯಿಗೆ ತಿರುಗಿಸಿ ನೋಡುವ ನಮ್ಮ ಕಣ್ಣಿಗೆ ಇದು ಕೋಟಿ ದಾಟಿದ ಇಡುಗಂಟು. ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ಮೂರು ವರ್ಷಕ್ಕೊಮ್ಮೆ ಕುಟುಂಬಗಳ ಹಣಕಾಸಿನ ಸಮೀಕ್ಷೆ ನಡೆಸುತ್ತದೆ. 2022ರ ಸಮೀಕ್ಷೆಯಲ್ಲಿ ಯಜಮಾನರ ವಯಸ್ಸು 55ರಿಂದ 64ರೊಳಗಿದ್ದ, ನಿವೃತ್ತಿ ಖಾತೆಯೂ ಇದ್ದ ಕುಟುಂಬಗಳನ್ನು ಸಾಲಾಗಿ ನಿಲ್ಲಿಸಿದರೆ ನಟ್ಟನಡುವಿನ ಕುಟುಂಬದ ಖಾತೆಯಲ್ಲಿ ಇದ್ದದ್ದು ಇಷ್ಟು ಹಣ. ಇದು ಮೂವತ್ತು ವರ್ಷ ಬಾಳಬೇಕಾದರೆ ಮೊದಲ ವರ್ಷ ನೂರಕ್ಕೆ ನಾಲ್ಕರಷ್ಟು ಮಾತ್ರ ತೆಗೆಯಬೇಕು ಎನ್ನುವುದು ಅಲ್ಲಿನ ಹಣಕಾಸು ಸಲಹೆಗಾರರ ರೂಢಿಯ ಲೆಕ್ಕ. ಹಾಗೆ ತೆಗೆದರೆ ವರ್ಷಕ್ಕೆ 7,400 ಡಾಲರ್, ತಿಂಗಳಿಗೆ 616 ಡಾಲರ್ ಕೈಗೆ ಬರುತ್ತದೆ. ಅಲ್ಲಿನ ಹೆಚ್ಚಿನ ನಗರಗಳಲ್ಲಿ ಒಂದು ಕೋಣೆಯ ಮನೆಯ ಬಾಡಿಗೆಗೂ ಅದು ಸಾಲದು.

ಇದು ಖಾತೆ ಇದ್ದವರ ಕಥೆ. ಎಲ್ಲ ವಯಸ್ಸಿನ ಕುಟುಂಬಗಳನ್ನು ಸೇರಿಸಿದರೆ ನೂರಕ್ಕೆ ಸುಮಾರು 54 ಕುಟುಂಬಗಳಿಗೆ ಮಾತ್ರ ನಿವೃತ್ತಿ ಖಾತೆ ಇದೆ. ಉಳಿದವರಿಗೆ ಅಂಥ ಖಾತೆಯೇ ಇಲ್ಲ.

ಇದಕ್ಕೆ ಸಿದ್ಧವಾಗಿ ಸಿಗುವ ವಿವರಣೆಯೊಂದಿದೆ. ಅಮೆರಿಕದವರು ಕೈಬಿಚ್ಚಿ ಖರ್ಚು ಮಾಡುವವರು, ಕ್ರೆಡಿಟ್ ಕಾರ್ಡಿನ ಮೇಲೆ ಬದುಕುವವರು, ನಾಳೆಯ ಚಿಂತೆ ಇಲ್ಲದವರು ಎಂದು ಅವರಲ್ಲೇ ಹಲವರು ಹೇಳುತ್ತಾರೆ, ನಮ್ಮಲ್ಲಂತೂ ಇನ್ನೂ ಹೆಚ್ಚು ಮಂದಿ ಹೇಳುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ತೊಂಬತ್ತು ವರ್ಷಗಳ ಇತಿಹಾಸವನ್ನು ನೋಡಿದರೆ ಬೇರೆಯದೇ ಕಾಣುತ್ತದೆ. ಮುಪ್ಪಿನ ಹೊರೆಯನ್ನು ಯಾರು ಹೊರಬೇಕು ಎಂಬ ಏರ್ಪಾಡು ನಡುದಾರಿಯಲ್ಲಿ ಬದಲಾಯಿತು. ಬದಲಾಯಿಸುವಾಗ ದುಡಿಯುವವರನ್ನು ಯಾರೂ ಕೇಳಲಿಲ್ಲ.

ಮೊದಲ ಹೆಜ್ಜೆ ಸರ್ಕಾರದ್ದು. ಮಹಾ ಆರ್ಥಿಕ ಕುಸಿತದ ನಡುವೆ, 1935ರ ಆಗಸ್ಟ್ 14ರಂದು ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಸೋಷಿಯಲ್ ಸೆಕ್ಯುರಿಟಿ ಕಾನೂನಿಗೆ ಸಹಿ ಹಾಕಿದರು. ಸಂಬಳದಲ್ಲಿ ಕಾರ್ಮಿಕನದೊಂದು ಪಾಲು, ಮಾಲೀಕನದೊಂದು ಪಾಲು ಕಡಿತವಾಗಿ, ಮುಪ್ಪಿನಲ್ಲಿ ಸಾಯುವವರೆಗೆ ತಿಂಗಳ ಹಣ ಬರುವ ವ್ಯವಸ್ಥೆ ಅದು. ವರ್ಮಾಂಟ್ ರಾಜ್ಯದ ಲುಡ್ಲೋ ಎಂಬ ಊರಿನ ಐಡಾ ಮೇ ಫುಲ್ಲರ್ ಒಂದು ಕಾನೂನು ಕಚೇರಿಯಲ್ಲಿ ಕಾರ್ಯದರ್ಶಿಯಾಗಿದ್ದವರು. 1939ರಲ್ಲಿ ಬೇರಾವುದೋ ಕೆಲಸದ ಮೇಲೆ ರಟ್ಲೆಂಡ್ ಎಂಬ ಊರಿಗೆ ಹೋದಾಗ, ಇಷ್ಟು ದಿನ ಕಟ್ಟಿದ ಹಣದಿಂದ ತಮಗೇನಾದರೂ ಬರುವುದಿದೆಯೇ ಎಂದು ಅಲ್ಲಿನ ಸೋಷಿಯಲ್ ಸೆಕ್ಯುರಿಟಿ ಕಚೇರಿಯಲ್ಲಿ ವಿಚಾರಿಸಿದರು. 1940ರ ಜನವರಿ 31ರ ತಾರೀಖಿನ 22.54 ಡಾಲರಿನ ಚೆಕ್ ಅವರ ಕೈಸೇರಿತು. ಅದರ ಸಂಖ್ಯೆ 00-000-001, ದೇಶದ ಮೊದಲ ಮಾಸಿಕ ಚೆಕ್. ಮೂರು ವರ್ಷಗಳಲ್ಲಿ ಅವರು ಕಟ್ಟಿದ್ದದ್ದು 24.75 ಡಾಲರ್. ನೂರು ವರ್ಷ ಬದುಕಿ 1975ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಪಡೆದದ್ದು 22,888.92 ಡಾಲರ್. ಎಷ್ಟು ವರ್ಷ ಬದುಕಿದರೂ ಹಣ ನಿಲ್ಲುವುದಿಲ್ಲ ಎನ್ನುವುದೇ ಈ ವ್ಯವಸ್ಥೆಯ ಜೀವಾಳ. ಅದು ಇಂದಿಗೂ ಉಳಿದಿದೆ.

ಆದರೆ ಆ ಕಾನೂನು ಹೊಲದಲ್ಲಿ ದುಡಿಯುವವರನ್ನೂ ಮನೆಗೆಲಸದವರನ್ನೂ ಆರಂಭದಲ್ಲಿ ಹೊರಗಿಟ್ಟಿತು. ದಕ್ಷಿಣದ ರಾಜ್ಯಗಳಲ್ಲಿ ಆ ಕೆಲಸ ಮಾಡುತ್ತಿದ್ದವರಲ್ಲಿ ದೊಡ್ಡದೊಂದು ಪಾಲು ಕಪ್ಪು ಜನ. 1950 ಮತ್ತು 1954ರ ತಿದ್ದುಪಡಿಗಳು ಬರುವವರೆಗೆ ಅವರು ಕಾಯಬೇಕಾಯಿತು. ಇಂದು ಬಿಳಿಯ ಮತ್ತು ಕಪ್ಪು ಕುಟುಂಬಗಳ ಉಳಿತಾಯದ ನಡುವೆ ಇರುವ ಕಂದಕದ ಬಗ್ಗೆ ಮಾತಾಡುವವರು ಈ ತಡವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಸೋಷಿಯಲ್ ಸೆಕ್ಯುರಿಟಿ ಒಂದರಿಂದಲೇ ಸಂಸಾರ ನಡೆಯುತ್ತದೆ ಎಂದು ಯಾರೂ ಹೇಳಿರಲಿಲ್ಲ. ನಿವೃತ್ತಿ ಎನ್ನುವುದು ಮೂರು ಕಾಲಿನ ಸ್ಟೂಲು, ಸರ್ಕಾರದ ಹಣ ಒಂದು ಕಾಲು, ಕಂಪನಿಯ ಪಿಂಚಣಿ ಇನ್ನೊಂದು, ಸ್ವಂತ ಉಳಿತಾಯ ಮತ್ತೊಂದು ಎಂಬ ಮಾತು ಯುದ್ಧಾನಂತರ ರೂಢಿಗೆ ಬಂತು. ಎರಡನೆಯ ಕಾಲನ್ನು ಕಟ್ಟಿದ್ದು ಹೆಚ್ಚಾಗಿ ಕಾರ್ಮಿಕ ಸಂಘಟನೆಗಳು. ವಾಲ್ಟರ್ ರಾಯ್ಥರ್ ನೇತೃತ್ವದ ವಾಹನ ಕಾರ್ಮಿಕರ ಸಂಘ ‘ದುಡಿಯಲು ವಯಸ್ಸು ಮೀರಿದೆ, ಸಾಯಲು ವಯಸ್ಸಾಗಿಲ್ಲ’ ಎಂಬ ಘೋಷಣೆ ಹಿಡಿದು ಬೀದಿಗಿಳಿಯಿತು. 1950ರಲ್ಲಿ ಕ್ರೈಸ್ಲರ್ ಕಾರ್ಖಾನೆಗಳಲ್ಲಿ 104 ದಿನ ಮುಷ್ಕರ ನಡೆಯಿತು. ಪಿಂಚಣಿ ಕೊಡುತ್ತೇವೆಂದು ಬಾಯಲ್ಲಿ ಹೇಳಿದರೆ ಸಾಲದು, ಅದಕ್ಕೆ ಹಣ ತೆಗೆದಿಡಬೇಕು ಎಂಬುದು ಆ ಮುಷ್ಕರದ ತಿರುಳು.

ಆ ಹಟ ಏಕೆ ಬೇಕಿತ್ತು ಎನ್ನುವುದು ಹದಿಮೂರು ವರ್ಷಗಳ ನಂತರ ಇಂಡಿಯಾನಾ ರಾಜ್ಯದ ಸೌತ್ ಬೆಂಡಿನಲ್ಲಿ ಗೊತ್ತಾಯಿತು. 1852ರಿಂದ ಕುದುರೆಗಾಡಿ, ಆಮೇಲೆ ಕಾರು ಮಾಡುತ್ತಿದ್ದ ಸ್ಟುಡ್‌ಬೇಕರ್ ಕಂಪನಿ 1963ರ ಡಿಸೆಂಬರಿನಲ್ಲಿ ಅಲ್ಲಿನ ಕಾರ್ಖಾನೆಗೆ ಬೀಗ ಹಾಕಿತು. ಪಿಂಚಣಿ ನಿಧಿಯಲ್ಲಿ ಎಲ್ಲರಿಗೂ ಸಾಲುವಷ್ಟು ಹಣವಿರಲಿಲ್ಲ. ಆಗಲೇ ನಿವೃತ್ತರಾಗಿದ್ದವರು ಮತ್ತು 60 ತುಂಬಿದ್ದವರು ಸೇರಿ ಸುಮಾರು 3,600 ಮಂದಿಗೆ ಪೂರ್ತಿ ಪಿಂಚಣಿ ಸಿಕ್ಕಿತು. ಹತ್ತು ವರ್ಷಕ್ಕಿಂತ ಹೆಚ್ಚು ದುಡಿದಿದ್ದ, 40ರಿಂದ 59ರೊಳಗಿನ ಸುಮಾರು 4,000 ಮಂದಿಗೆ ಡಾಲರಿಗೆ 15 ಸೆಂಟಿನಂತೆ, ಸರಾಸರಿ 600 ಡಾಲರ್ ಒಂದೇ ಕಂತಿನಲ್ಲಿ ಕೊಟ್ಟು ಕೈತೊಳೆದುಕೊಂಡರು. ಉಳಿದ ಸುಮಾರು 2,900 ಮಂದಿಗೆ ಚಿಕ್ಕಾಸೂ ಇಲ್ಲ. ಒಂದೇ ಸಾಲಿನಲ್ಲಿ, ಒಂದೇ ಕಾರಿನ ಎರಡು ಬಾಗಿಲುಗಳನ್ನು ಮೂವತ್ತು ವರ್ಷ ಜೋಡಿಸಿದ ಇಬ್ಬರನ್ನು ನೆನೆದುಕೊಳ್ಳಿ. ಒಬ್ಬನಿಗೆ 60, ಇನ್ನೊಬ್ಬನಿಗೆ 59. ಮೊದಲನೆಯವನಿಗೆ ಜೀವಮಾನದ ಪಿಂಚಣಿ, ಎರಡನೆಯವನಿಗೆ ಕೆಲವು ತಿಂಗಳ ದಿನಸಿಯ ಹಣ.

ಈ ಅನ್ಯಾಯದ ನೆನಪು ಹತ್ತು ವರ್ಷ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸನ್ನು ಬಿಡಲಿಲ್ಲ. 1974ರ ಸೆಪ್ಟೆಂಬರ್ 2ರಂದು, ಅಲ್ಲಿನ ಕಾರ್ಮಿಕರ ದಿನದಂದೇ, ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಎರಿಸಾ ಎಂದು ಕರೆಯಲಾಗುವ ಕಾನೂನಿಗೆ ಸಹಿ ಹಾಕಿದರು. ಇಂತಿಷ್ಟು ವರ್ಷ ದುಡಿದವನಿಗೆ ಪಿಂಚಣಿಯ ಹಕ್ಕು ಬಂದೇ ಬರಬೇಕು, ಕಂಪನಿ ಅದಕ್ಕೆ ಹಣ ಕೂಡಿಡಬೇಕು, ಕಂಪನಿ ಮುಳುಗಿದರೆ ಸರ್ಕಾರಿ ವಿಮಾ ಸಂಸ್ಥೆಯೊಂದು ಮಿತಿಯೊಳಗೆ ಪಿಂಚಣಿ ಕೊಡಬೇಕು. ಒಳ್ಳೆಯ ಕಾನೂನು ಅದು. 2005ರಲ್ಲಿ ಯುನೈಟೆಡ್ ಏರ್‌ಲೈನ್ಸ್ ದಿವಾಳಿಯ ನ್ಯಾಯಾಲಯದಲ್ಲಿ ತನ್ನ ಪಿಂಚಣಿಗಳ ಹೊಣೆಯನ್ನು ಕೆಳಗಿಳಿಸಿದಾಗ ಒಂದು ಲಕ್ಷಕ್ಕೂ ಹೆಚ್ಚು ಮಂದಿಯನ್ನು ಹಿಡಿದು ನಿಲ್ಲಿಸಿದ್ದು ಆ ವಿಮಾ ಸಂಸ್ಥೆಯೇ. ಆದರೆ ನಿಯಮ ಬಿಗಿಯಾದಷ್ಟೂ ಪಿಂಚಣಿ ನಡೆಸುವುದು ಕಂಪನಿಗಳಿಗೆ ದುಬಾರಿಯಾಯಿತು. ಅವು ಹೊರಬಾಗಿಲು ಹುಡುಕುತ್ತಿದ್ದ ಹೊತ್ತಿಗೆ ಬಾಗಿಲೊಂದು ತೆರೆದುಕೊಂಡಿತು.

1978ರ ತೆರಿಗೆ ಕಾನೂನಿನಲ್ಲಿ 401(ಕೆ) ಎಂಬ ಸಣ್ಣ ಉಪವಿಧಿ ಸೇರಿತ್ತು. ಸಂಬಳ ಅಥವಾ ಬೋನಸ್ಸಿನ ಒಂದು ಭಾಗವನ್ನು ಈಗ ತೆಗೆದುಕೊಳ್ಳದೆ ಮುಂದೂಡಿದರೆ ಅದಕ್ಕೆ ಆ ವರ್ಷ ತೆರಿಗೆ ಇಲ್ಲ ಎನ್ನುವುದು ಅದರ ಸಾರ. ದೇಶದ ಪಿಂಚಣಿ ಪದ್ಧತಿಯನ್ನೇ ಇದು ಬದಲಿಸುತ್ತದೆಂದು ಬರೆದವರೂ ಎಣಿಸಿರಲಿಲ್ಲ. ಪೆನ್ಸಿಲ್ವೇನಿಯಾದ ಟೆಡ್ ಬೆನ್ನಾ ಎಂಬ ಸಲಹೆಗಾರ 1980ರಲ್ಲಿ ಈ ವಿಧಿಯನ್ನು ಓದುತ್ತಾ, ಎಲ್ಲ ನೌಕರರ ಮಾಮೂಲಿ ಸಂಬಳಕ್ಕೂ ಇದನ್ನು ಅನ್ವಯಿಸಬಹುದು, ಮಾಲೀಕನೂ ಒಂದಿಷ್ಟು ಸೇರಿಸಿದರೆ ಜನ ಹಣ ಹಾಕುತ್ತಾರೆ ಎಂದು ಕಂಡುಕೊಂಡರು. 1981ರಲ್ಲಿ ತೆರಿಗೆ ಇಲಾಖೆ ಅದಕ್ಕೆ ಅನುಕೂಲವಾದ ನಿಯಮಗಳ ಕರಡು ಹೊರಡಿಸಿತು. ಮೊದಮೊದಲು ಪಿಂಚಣಿಯ ಜೊತೆಗೊಂದು ಹೆಚ್ಚುವರಿ ಉಳಿತಾಯವಾಗಿ ಬಂದ ಈ ಖಾತೆ ಕ್ರಮೇಣ ಪಿಂಚಣಿಯ ಜಾಗದಲ್ಲೇ ಕುಳಿತಿತು. 1980ರಲ್ಲಿ ಖಾಸಗಿ ವಲಯದ ನೂರು ನೌಕರರಲ್ಲಿ 38 ಮಂದಿ ಪಿಂಚಣಿ ಯೋಜನೆಯಲ್ಲಿದ್ದರು. 2008ರಲ್ಲಿ ಉಳಿದವರು 20. ಸ್ಟೂಲಿನ ಎರಡನೆಯ ಕಾಲನ್ನು ಕಿತ್ತು ಮೂರನೆಯದಕ್ಕೇ ಕಟ್ಟಿದಂತಾಯಿತು.

ಬದಲಾದದ್ದು ಏನು ಎಂದು ಸಂಬಳ ಚೀಟಿಯಲ್ಲಿ ನೋಡಬಹುದು. ಗೋದಾಮಿನಲ್ಲಿ ಗಂಟೆಗೆ 20 ಡಾಲರಿನಂತೆ ದುಡಿಯುವವರ ಎರಡು ವಾರದ ಸಂಬಳ 1,600 ಡಾಲರ್. ಸೋಷಿಯಲ್ ಸೆಕ್ಯುರಿಟಿಗೆ ಶೇ 6.2ರಂತೆ 99.20 ಡಾಲರ್, ವೃದ್ಧರ ಆರೋಗ್ಯ ವಿಮೆಯಾದ ಮೆಡಿಕೇರ್‌ಗೆ ಶೇ 1.45ರಂತೆ 23.20 ಡಾಲರ್ ಕೇಳದೆಯೇ ಕಡಿತವಾಗುತ್ತದೆ. ಅದರ ಕೆಳಗಿನ 401(ಕೆ) ಸಾಲು ಮಾತ್ರ ಅವರ ಕೈಯಲ್ಲಿದೆ. ಶೇ 6ರಷ್ಟು ಹಾಕಿದರೆ 96 ಡಾಲರ್ ಹೋಗುತ್ತದೆ, ಮಾಲೀಕ ಅರ್ಧ ಸೇರಿಸುವ ರೂಢಿಯಂತೆ 48 ಡಾಲರ್ ಬರುತ್ತದೆ. ಸೊನ್ನೆ ಹಾಕಿದರೆ ಮಾಲೀಕನದೂ ಸೊನ್ನೆ. ಬಾಡಿಗೆ ಏರಿದ ತಿಂಗಳು, ಕಾರು ಕೆಟ್ಟ ತಿಂಗಳು, ಮಗುವಿಗೆ ಜ್ವರ ಬಂದ ತಿಂಗಳು ಆ 96 ಡಾಲರಿನ ಮೇಲೆ ಕಣ್ಣು ಬೀಳದೆ ಇರುತ್ತದೆಯೇ? 400 ಡಾಲರಿನ ತುರ್ತು ಖರ್ಚು ಬಂದರೆ ಕೈಯಲ್ಲಿರುವ ಹಣದಿಂದಲೇ ನಿಭಾಯಿಸುತ್ತೇವೆ ಎಂದು 2023ರ ಫೆಡರಲ್ ರಿಸರ್ವ್ ಸಮೀಕ್ಷೆಯಲ್ಲಿ ಹೇಳಿದ ವಯಸ್ಕರು ನೂರಕ್ಕೆ 63 ಮಂದಿ ಮಾತ್ರ.

ಎಷ್ಟು ಹಾಕಬೇಕು, ಯಾವ ಫಂಡಿನಲ್ಲಿ ಹಾಕಬೇಕು, ಕೆಲಸ ಬದಲಿಸಿದಾಗ ಆ ಹಣವನ್ನು ಏನು ಮಾಡಬೇಕು, ನಿವೃತ್ತಿಯ ನಂತರ ವರ್ಷಕ್ಕೆಷ್ಟು ತೆಗೆಯಬೇಕು ಎಂದು ತೀರ್ಮಾನಿಸುವ ಕೆಲಸವನ್ನು ಹಿಂದೆ ಕಂಪನಿಯ ಗಣಿತಜ್ಞರು ಮಾಡುತ್ತಿದ್ದರು. ಈಗ ಅದನ್ನು ಪಾಳಿ ಮುಗಿಸಿ ಬಂದವರು ಅಡುಗೆಮನೆಯ ಮೇಜಿನ ಮೇಲೆ ಮಾಡಬೇಕು. ತಾನು ಎಷ್ಟು ವರ್ಷ ಬದುಕುತ್ತೇನೆ ಎಂಬ ಪ್ರಶ್ನೆಗೂ ಉತ್ತರ ಊಹಿಸಬೇಕು. ಕೆಲಸ ಬಿಟ್ಟಾಗ ಸಣ್ಣ ಮೊತ್ತವನ್ನು ತೆಗೆದು ಖರ್ಚು ಮಾಡಿಕೊಳ್ಳುವವರು ಬಹಳ. ಸಾಮಾನ್ಯವಾಗಿ ಐವತ್ತೊಂಬತ್ತೂವರೆ ವರ್ಷ ತುಂಬುವ ಮೊದಲು ತೆಗೆದರೆ ತೆರಿಗೆಯಲ್ಲದೆ ತೆಗೆದ ಹಣದ ಶೇ 10ರಷ್ಟು ದಂಡವೂ ಇದೆ.

ಇಂಧನ ಕಂಪನಿ ಎನ್ರಾನ್ 2001ರ ಡಿಸೆಂಬರಿನಲ್ಲಿ ದಿವಾಳಿಯೆದ್ದಿತು. ಆ ವರ್ಷದ ಆರಂಭದಲ್ಲಿ ಅದರ ನೌಕರರ 401(ಕೆ) ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಅದೇ ಕಂಪನಿಯ ಷೇರಿನಲ್ಲಿತ್ತು. ಕೆಲಸ, ಉಳಿತಾಯ ಎರಡೂ ಒಟ್ಟಿಗೆ ಹೋದವು. 2008ರಲ್ಲಿ ಅಮೆರಿಕದ ಷೇರು ಸೂಚ್ಯಂಕ ಒಂದೇ ವರ್ಷದಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕುಸಿಯಿತು. ಮೂವತ್ತರ ಹರೆಯದವರಿಗೆ ಕಾಯಲು ಕಾಲವಿತ್ತು, ಅರುವತ್ತು ದಾಟಿದವರಿಗೆ ಇರಲಿಲ್ಲ.

ಇಷ್ಟಾಗಿಯೂ ಖಾತೆ ಪದ್ಧತಿಯಿಂದ ಕೆಲವರಿಗೆ ಚೆನ್ನಾಗಿಯೇ ಆಗಿದೆ ಎಂಬುದನ್ನು ಮುಚ್ಚಿಡಬಾರದು. ದೊಡ್ಡ ಕಂಪನಿಯಲ್ಲಿ ಒಳ್ಳೆಯ ಸಂಬಳದಲ್ಲಿ ಬಿಡುವಿಲ್ಲದೆ ಮೂವತ್ತು ವರ್ಷ ದುಡಿದವರು ಲಕ್ಷಗಟ್ಟಲೆ ಡಾಲರ್ ಕೂಡಿಹಾಕಿದ್ದಾರೆ. ಹೀಗಾಗಿಯೇ ಸರಾಸರಿಯನ್ನು ನೋಡಿದರೆ ಮೋಸ ಹೋಗುತ್ತೇವೆ. 2022ರಲ್ಲಿ ಖಾತೆಯಿದ್ದ ಎಲ್ಲ ಕುಟುಂಬಗಳ ಸರಾಸರಿ ಸುಮಾರು 3,34,000 ಡಾಲರ್, ನಟ್ಟನಡುವಿನ ಕುಟುಂಬದ್ದು 87,000. ಜನ ಹಣ ಹಾಕದಿರಲು ಸೋಮಾರಿತನ ಕಾರಣವಲ್ಲ ಎನ್ನುವುದಕ್ಕೂ ಒಳ್ಳೆಯ ಸಾಕ್ಷ್ಯವಿದೆ. ಸೇರುತ್ತೀರಾ ಎಂದು ಕೇಳುವ ಬದಲು ತಾನಾಗಿ ಸೇರಿಸಿ, ಬೇಡವಾದರೆ ಬಿಡಿ ಎಂದಾಗ ಸೇರಿದವರ ಸಂಖ್ಯೆ ಒಮ್ಮೆಲೇ ಏರಿತೆಂದು 2001ರಲ್ಲಿ ಬ್ರಿಜಿಟ್ ಮ್ಯಾಡ್ರಿಯನ್ ಮತ್ತು ಡೆನ್ನಿಸ್ ಶೇ ಎಂಬ ಸಂಶೋಧಕರು ತೋರಿಸಿದರು. ಅದೇ ಜನ, ಅದೇ ಸಂಬಳ, ಅರ್ಜಿಯ ಕ್ರಮ ಮಾತ್ರ ಬೇರೆ. 2006ರ ಕಾನೂನು ಈ ಪದ್ಧತಿಯನ್ನು ಉತ್ತೇಜಿಸಿತು. 2022ರ ಕಾನೂನು ಹೊಸದಾಗಿ ತೆರೆಯುವ ಬಹುತೇಕ ಯೋಜನೆಗಳಿಗೆ 2025ರಿಂದ ಇದನ್ನು ಕಡ್ಡಾಯ ಮಾಡಿತು. ಯೋಜನೆಯೇ ಇಲ್ಲದ ಸಣ್ಣ ಅಂಗಡಿ, ಹೋಟೆಲುಗಳ ನೌಕರರಿಗಾಗಿ 2017ರಲ್ಲಿ ಆರೆಗಾನ್, ಆಮೇಲೆ ಇಲಿನಾಯ್, ಕ್ಯಾಲಿಫೋರ್ನಿಯಾ ರಾಜ್ಯಗಳು ತಾವೇ ಖಾತೆ ತೆರೆದುಕೊಡತೊಡಗಿದವು.

ಹೀಗೆ ಸುತ್ತಿ ಬಂದರೆ ಸಾಮಾನ್ಯ ಕಾರ್ಮಿಕರು ನಿಜವಾಗಿ ಆತುಕೊಳ್ಳುವುದು ಮೊದಲನೆಯ ಕಾಲನ್ನೇ. ಸೋಷಿಯಲ್ ಸೆಕ್ಯುರಿಟಿಯಿಂದ ನಿವೃತ್ತರಿಗೆ 2025ರ ಆರಂಭದಲ್ಲಿ ತಿಂಗಳಿಗೆ ಸರಾಸರಿ ಎರಡು ಸಾವಿರ ಡಾಲರಿಗೆ ತುಸು ಕಡಿಮೆ ಬರುತ್ತಿತ್ತು. 1983ರ ತಿದ್ದುಪಡಿಯಿಂದಾಗಿ, 1960ರಲ್ಲಿ ಮತ್ತು ಆಮೇಲೆ ಹುಟ್ಟಿದವರಿಗೆ ಪೂರ್ಣ ಮೊತ್ತ ಸಿಗುವುದು 67ನೆಯ ವಯಸ್ಸಿಗೆ. 62ಕ್ಕೇ ಕೇಳಿದರೆ ಜೀವನಪರ್ಯಂತ ಶೇ 30ರಷ್ಟು ಕಡಿತ. 65ರವರೆಗೆ ದುಡಿಯುತ್ತೇವೆ ಎಂದುಕೊಂಡವರು ಸಾಮಾನ್ಯವಾಗಿ 62ಕ್ಕೇ ನಿಲ್ಲಿಸುತ್ತಾರೆ ಎಂದು ಸಮೀಕ್ಷೆಗಳು ವರ್ಷ ವರ್ಷವೂ ಹೇಳುತ್ತಿವೆ. ಬೆನ್ನುನೋವು, ಸಂಗಾತಿಯ ಕಾಯಿಲೆ, ಕಂಪನಿಯ ಕತ್ತರಿ, ಇವು ವಯಸ್ಸು ಕೇಳಿ ಬರುವುದಿಲ್ಲ. ಸೋಷಿಯಲ್ ಸೆಕ್ಯುರಿಟಿ ನಿಧಿಯ ಟ್ರಸ್ಟಿಗಳ 2025ರ ವರದಿಯ ಪ್ರಕಾರ, ಕಾಂಗ್ರೆಸ್ ಏನೂ ಮಾಡದಿದ್ದರೆ 2033ರಲ್ಲಿ ಮೀಸಲು ಕರಗಿ, ನೂರಕ್ಕೆ 77ರಷ್ಟು ಮಾತ್ರ ಕೊಡಲು ಸಾಧ್ಯವಾಗುತ್ತದೆ.

ಬೆಂಗಳೂರು, ಮೈಸೂರಿನಿಂದ ಎಚ್-1ಬಿ ವೀಸಾ ಮೇಲೆ ಹೋಗಿ ದುಡಿಯುವ ಕನ್ನಡಿಗರ ಸಂಬಳದಲ್ಲೂ ಆ ಶೇ 6.2 ಕಡಿತವಾಗುತ್ತದೆ. ನಿವೃತ್ತಿಯ ಹಣಕ್ಕೆ ಅರ್ಹರಾಗಲು 40 ಕ್ರೆಡಿಟ್, ಅಂದರೆ ಸುಮಾರು ಹತ್ತು ವರ್ಷದ ದುಡಿಮೆ ಬೇಕು. ಜರ್ಮನಿ, ಸ್ವಿಟ್ಜರ್ಲೆಂಡಿನೊಂದಿಗೆ ಭಾರತಕ್ಕಿರುವಂಥ ಸಾಮಾಜಿಕ ಭದ್ರತೆಯ ಒಪ್ಪಂದ ಅಮೆರಿಕದೊಂದಿಗೆ ಇಲ್ಲ. ಆರೇಳು ವರ್ಷ ದುಡಿದು ಊರಿಗೆ ಮರಳಿದವರ ಹಣ ಅಲ್ಲೇ ಉಳಿಯುತ್ತದೆ.

ನನಗೆ ಇವರೆಲ್ಲರಿಗಿಂತ ಹೆಚ್ಚಾಗಿ ಕಾಡುವುದು ಮುದುಕರ ಮನೆಗಳಿಗೆ ಹೋಗಿ ಸ್ನಾನ ಮಾಡಿಸಿ, ಔಷಧ ಕೊಟ್ಟು, ಹಾಸಿಗೆ ಬದಲಿಸಿ ಬರುವ ಹೆಂಗಸರು. ಮೆಡಿಕೇರ್ ದೀರ್ಘಕಾಲದ ದಿನನಿತ್ಯದ ಆರೈಕೆಗೆ ಹಣ ಕೊಡುವುದಿಲ್ಲ. ಇವರಿಗೆ ಸಿಗುವ ಕೂಲಿ ಕಡಿಮೆ, ಮಾಲೀಕರ ಯೋಜನೆ ಇರುವುದು ಅಪರೂಪ. 2022ರ ಕಾನೂನು ಇಂಥ ಕಡಿಮೆ ಆದಾಯದವರಿಗಾಗಿ ಒಂದು ದಾರಿ ಮಾಡಿದೆ. 2027ರಿಂದ, ವರ್ಷಕ್ಕೆ 2,000 ಡಾಲರ್ ಕೂಡಿಟ್ಟರೆ ಸರ್ಕಾರ 1,000 ಡಾಲರಿನವರೆಗೆ ತಾನೇ ಹಾಕುತ್ತದೆ. ಆ ಹಣ ಬಂದು ಬೀಳಲು ಮೊದಲು ಅವರ ಹೆಸರಿನಲ್ಲೊಂದು ಖಾತೆ ಇರಬೇಕು.