ಕಿಚ್ಚು ಆರಿಸಿದ ಕಾಡಿಗೆ ದುಂಬಿ ಬಿದ್ದ ಕತೆ

2023ರಲ್ಲಿ ಕೆನಡಾದಲ್ಲಿ ಸುಟ್ಟ ಕಾಡು 1.5 ಕೋಟಿ ಹೆಕ್ಟೇರ್ ಆಸುಪಾಸು. ಕೆಲವರು ಬಿಸಿಲು ಜಾಸ್ತಿಯಾಯ್ತು ಅಂತಾರೆ, ಕೆಲವರು ಮರ ಕೊರೆಯುವ ದುಂಬಿ ಕಾರಣ ಅಂತಾರೆ, ಇನ್ನು ಕೆಲವರು ಕಾಡು ನೋಡಿಕೊಂಡ ರೀತಿಯೇ ಸರಿಯಿಲ್ಲ ಅಂತಾರೆ. ಮೂರೂ ಒಂದೇ ಹಗ್ಗದ ಎಳೆಗಳು. ಕೆನಡಾದ ಪಶ್ಚಿಮ ತುದಿಯ ಪ್ರಾಂತ್ಯವಾದ ಬ್ರಿಟಿಷ್ ಕೊಲಂಬಿಯಾದ ಪೈನ್ ಕಾಡುಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ.

ಪೈನ್‌ನಂತಹ ಸೂಜಿ ಎಲೆಯ ಮರಗಳ, ಅಂದರೆ ಸೂಚಿಪರ್ಣ ಕಾಡಿಗೆ ಬೆಂಕಿ ಹೊಸದಲ್ಲ. ಲಾಡ್ಜ್‌ಪೋಲ್ ಪೈನ್ ಮರದ ಎಷ್ಟೋ ಕಾಯಿಗಳು ರಾಳ ಮೆತ್ತಿಕೊಂಡು ವರ್ಷಗಟ್ಟಲೆ ಬಿಗಿಯಾಗಿ ಮುಚ್ಚಿರುತ್ತವೆ. ಉಗುರು ಹಾಕಿ ಬಿಡಿಸೋಕೆ ಆಗಲ್ಲ. ಬೆಂಕಿಯ ಕಾವಿಗೆ ರಾಳ ಕರಗಿ, ಬೀಜ ಬೂದಿಯ ಮೇಲೆ ಉದುರುತ್ತದೆ. ಸುಟ್ಟ ಮರದಲ್ಲಿ ಹುಳು ಹೆಕ್ಕಲು ಕಪ್ಪು ಬೆನ್ನಿನ ಮರಕುಟಿಗ ಬರುತ್ತದೆ. ಅಲ್ಲಿನ ಮೂಲನಿವಾಸಿಗಳೂ ಹದ ನೋಡಿ ಸಣ್ಣ ಬೆಂಕಿ ಹಾಕುತ್ತಿದ್ದರು. ಆ ಪ್ರಾಂತ್ಯದ 1874ರ ಕಾಡ್ಗಿಚ್ಚು ಕಾಯ್ದೆ ಅದಕ್ಕೆ ಕಡಿವಾಣ ಹಾಕಿತು. ಆಮೇಲಿನ ನೂರು ವರ್ಷ ನಡೆದದ್ದು ಒಂದೇ: ಹೊಗೆ ಕಂಡರೆ ಆರಿಸು. ಉರಿಯದೆ ಉಳಿದ ಕಾಡಿನಲ್ಲಿ ಮುದಿ ಪೈನ್‌ಗಳು ಗುಡ್ಡದಿಂದ ಗುಡ್ಡಕ್ಕೆ ಹಬ್ಬಿದವು.

ದುಂಬಿಗೆ ಬೇಕಾಗಿದ್ದೂ ಅದೇ, ದಪ್ಪ ಕಾಂಡದ ಮುದಿ ಪೈನ್. ಈ ಪೈನ್ ದುಂಬಿ ಅಕ್ಕಿಕಾಳಿನಷ್ಟು ದೊಡ್ಡದು, ಅಷ್ಟೇ. ಹೆಣ್ಣು ತೊಗಟೆ ಕೊರೆದು ಒಳಗೆ ಹೋಗುತ್ತದೆ. ಮರ ಸುಮ್ನೆ ಬಿಡಲ್ಲ, ರಾಳ ಸುರಿಸಿ ಅದನ್ನು ಹೊರಗೆ ತಳ್ಳಲು ನೋಡುತ್ತದೆ. ಆದರೆ ದುಂಬಿ ತನ್ನವರನ್ನು ವಾಸನೆ ಬಿಟ್ಟು ಕರೆಯುತ್ತದೆ. ನೂರಾರು ದುಂಬಿ ಒಟ್ಟಿಗೆ ಮುತ್ತಿದರೆ ರಾಳ ಸಾಲದು. ಅವು ಹೊತ್ತು ತರುವ ಬೂಷ್ಟು ಮರದ ನೀರಿನ ದಾರಿ ಕಟ್ಟುತ್ತದೆ, ಕಟ್ಟಿಗೆಗೆ ನೀಲಿ ಬಣ್ಣ ಹಿಡಿಯುತ್ತದೆ. ಮರುವರ್ಷ ಎಲೆ ಒಣಗಿ ಕೆಂಪಾಗಿ, ಬೇಗ ಹೊತ್ತಿಕೊಳ್ಳುವಂತಾಗಿ, ನಂತರ ಉದುರಿ, ಮರ ಬೂದುಬಣ್ಣದ ಕಂಬವಾಗಿ ನಿಲ್ಲುತ್ತದೆ.

ಹಿಂದೆ ಇದಕ್ಕೆ ಚಳಿಯೇ ಲಗಾಮು. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿ ಕೆಲವು ದಿನ ನಿಂತರೆ ತೊಗಟೆಯೊಳಗಿನ ಮರಿಹುಳುಗಳು ಸಾಯುತ್ತಿದ್ದವು. 1990ರ ದಶಕದಿಂದ ಅಂಥ ಚಳಿಗಾಲ ಅಪರೂಪವಾಯಿತು. ದುಂಬಿ ಮುತ್ತಿದ ಕಾಡು ಕೊನೆಗೆ 1.8 ಕೋಟಿ ಹೆಕ್ಟೇರ್ ಮುಟ್ಟಿತು. ದುಂಬಿ ರಾಕಿ ಪರ್ವತ ದಾಟಿ ಪಕ್ಕದ ಪ್ರಾಂತ್ಯ ಅಲ್ಬರ್ಟಾಕ್ಕೂ ಹೋಯಿತು.

ಸತ್ತ ಮರ ಹಾಳಾಗುವ ಮುಂಚೆ ಕಡಿದು ಮಾರುವ ಅವಸರ ಶುರುವಾಯಿತು. ಕಡಿದ ಜಾಗದಲ್ಲಿ ಮತ್ತೆ ಸೂಚಿಪರ್ಣ ಸಸಿಗಳನ್ನೇ ನೆಟ್ಟರು. ನಡುವೆ ತಾನಾಗಿ ಚಿಗುರಿದ, ಅಗಲ ಎಲೆಯ ಆಸ್ಪೆನ್ ಗಿಡಗಳಿಗೆ ಎಷ್ಟೋ ಕಡೆ ಕಳೆನಾಶಕ ಹೊಡೆದರು. ಆಸ್ಪೆನ್ ಎಲೆಯಲ್ಲಿ ನೀರಿನಂಶ ಜಾಸ್ತಿ, ಪೈನ್‌ನಷ್ಟು ಬೇಗ ಹೊತ್ತಿಕೊಳ್ಳುವುದಿಲ್ಲ. ಬೆಂಕಿಗೆ ಅಡ್ಡ ನಿಲ್ಲಬಹುದಾಗಿದ್ದ ಗಿಡವನ್ನೇ ಕಳೆ ಅಂದುಕೊಂಡದ್ದು ನೋವಿನ ಸಂಗತಿ ಅಲ್ವಾ? ಕ್ಯಾರಿಬೂ ಅನ್ನೋ ಹಿಮಸಾರಂಗಗಳ ಪಾಡು ಇನ್ನೂ ಕಷ್ಟ. ಚಳಿಗಾಲದಲ್ಲಿ ಅವು ಮೇವಿಗೆ ನೆಚ್ಚುವ ಕಲ್ಲುಹೂವು ಕಾಡಿನ ಜೊತೆ ಹೋದರೆ ಮತ್ತೆ ಬೆಳೆಯಲು ಹತ್ತಾರು ವರ್ಷ ಬೇಕು.

2017, 2018, 2021, 2023. ಬ್ರಿಟಿಷ್ ಕೊಲಂಬಿಯಾದ ದೊಡ್ಡ ಬೆಂಕಿಗಳು ಹೀಗೆ ಒಂದರ ಹಿಂದೆ ಒಂದು ಬಂದವು. ಈಗ ಅಲ್ಲಿನ ಕೆಲವು ಮೂಲನಿವಾಸಿ ಸಮುದಾಯಗಳು ಹಳೆಯ ಪದ್ಧತಿಗೆ ಮರಳಿವೆ. ಹಿಮ ಕರಗಿ, ಮೇಲಿನ ಹುಲ್ಲು ಒಣಗಿ, ಕೆಳಗಿನ ಮಣ್ಣು ಇನ್ನೂ ತೇವವಿರುವ ಕೆಲವೇ ದಿನಗಳಲ್ಲಿ ಅವರು ಕಣಿವೆಯ ಹುಲ್ಲಿಗೆ ಬೆಂಕಿ ಹಚ್ಚುತ್ತಾರೆ, ಜೊತೆಗೇ ನಡೆಯುತ್ತಾರೆ.