ಟೆಲಿವರ್ಕ್: ಸಮ್ಮೇಳನಕ್ಕೆ ಮೊದಲೇ ಇತ್ಯರ್ಥವಾಗಬೇಕಾದ ಪದ

ಉದ್ಯೋಗದಾತರ ಕಚೇರಿಯಲ್ಲೇ ಮಾಡಬಹುದಾದ ಕೆಲಸವನ್ನು ಕಂಪ್ಯೂಟರ್, ಫೋನು, ಅಂತರ್ಜಾಲಗಳ ನೆರವಿನಿಂದ ಆ ಕಚೇರಿಯ ಹೊರಗಿದ್ದುಕೊಂಡು ಮಾಡುವ ವ್ಯವಸ್ಥೆಗೆ ಟೆಲಿವರ್ಕ್ ಎಂದು ಹೆಸರು. ನಮ್ಮಲ್ಲಿ ‘ವರ್ಕ್ ಫ್ರಮ್ ಹೋಮ್’ ಎಂಬ ಮಾತೇ ಹೆಚ್ಚು ಬಳಕೆಯಲ್ಲಿದೆ ಮತ್ತು ದಿನನಿತ್ಯದ ಮಾತುಕತೆಗೆ ಅಷ್ಟು ಸಾಕು. ಆದರೆ ಟೆಲಿವರ್ಕ್ ಮತ್ತು ಸಾರ್ವಜನಿಕ ನೀತಿಯ ಬಗ್ಗೆ ಹಲವು ದೇಶಗಳವರನ್ನು ಸೇರಿಸಿ ಆನ್‌ಲೈನ್ ಸಮ್ಮೇಳನ ನಡೆಸಹೊರಟವರಿಗೆ ಅಷ್ಟು ಸಾಲದು. ಮನೆಯ ವಿದ್ಯುತ್ ಬಿಲ್ಲಿನ ಒಂದು ಪಾಲನ್ನು ಯಾರಿಗೆ ಕೊಡಬೇಕು, ಕೆಲಸದ ವೇಳೆಯಲ್ಲಿ ಪೆಟ್ಟಾದರೆ ಪರಿಹಾರ ಯಾರಿಗೆ ಸಲ್ಲುತ್ತದೆ, ರಾತ್ರಿ ಹತ್ತರ ಮೇಲೆ ಯಾರಿಗೆ ಫೋನ್ ಮಾಡಕೂಡದು ಎಂಬ ಪ್ರಶ್ನೆಗಳೆಲ್ಲ ತೀರ್ಮಾನವಾಗುವುದು, ಆಯಾ ದೇಶದ ಕಾನೂನು ಈ ಪದವನ್ನು ಹೇಗೆ ವ್ಯಾಖ್ಯಾನಿಸಿದೆ ಎಂಬುದರ ಮೇಲೆ.

ಈ ಪರಿಕಲ್ಪನೆ ಕೋವಿಡ್ ಕಾಲದ ಕೂಸಲ್ಲ. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿದ್ದ ಜ್ಯಾಕ್ ನಿಲ್ಲೆಸ್ 1973ರಲ್ಲಿ ಇದಕ್ಕೆ ರೂಪ ಕೊಟ್ಟರು. ತೈಲ ಬಿಕ್ಕಟ್ಟು ತಲೆದೋರಿದ್ದೂ ಅದೇ ವರ್ಷ. ಲಾಸ್ ಏಂಜಲೀಸ್‌ನ ರಸ್ತೆಗಳಲ್ಲಿ ಲಕ್ಷಾಂತರ ಜನ ದಿನವೂ ಪೆಟ್ರೋಲ್ ಸುಟ್ಟು ಕಚೇರಿಗೆ ಹೋಗುವ ಬದಲು ಕೆಲಸವನ್ನೇ ಅವರಿದ್ದಲ್ಲಿಗೆ ಕಳಿಸಬಹುದಲ್ಲವೇ ಎಂಬುದು ಅವರ ಪ್ರಶ್ನೆಯಾಗಿತ್ತು. ಒಂದು ವಿಮಾ ಕಂಪನಿಯೊಡನೆ ನಡೆದ ಮೊದಲ ಪ್ರಯೋಗದಲ್ಲಿ ನೌಕರರು ಕೆಲಸ ಮಾಡಿದ್ದು ತಂತಮ್ಮ ಮನೆಗಳಲ್ಲಲ್ಲ, ಮನೆಗೆ ಹತ್ತಿರವಿದ್ದ ಉಪಕಚೇರಿಗಳಲ್ಲಿ. ಅಂದರೆ ಟೆಲಿವರ್ಕ್ ಹುಟ್ಟಿದ್ದೇ ಸಂಚಾರ ಮತ್ತು ಇಂಧನದ ಕುರಿತ ನೀತಿಚರ್ಚೆಯಾಗಿ. ಮನೆ ಅದರೊಳಕ್ಕೆ ಬಂದದ್ದು ಆಮೇಲೆ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2020ರಲ್ಲಿ ಅಂಕಿಅಂಶ ಸಂಗ್ರಹಕಾರರಿಗಾಗಿ ಹೊರಡಿಸಿದ ಮಾರ್ಗದರ್ಶಿ ಇಲ್ಲಿ ಬಹಳ ಉಪಯುಕ್ತವಾಗಿದೆ. ಅದು ನಾಲ್ಕು ಪರಿಕಲ್ಪನೆಗಳನ್ನು ಬಿಡಿಸಿಟ್ಟಿದೆ. ಆ ಕೆಲಸಕ್ಕೆ ಸಹಜವೆನಿಸುವ ಸ್ಥಳವನ್ನು ಬಿಟ್ಟು ಬೇರೆಡೆ ಪೂರ್ತಿಯಾಗಿಯೋ ಭಾಗಶಃವಾಗಿಯೋ ದುಡಿದರೆ ಅದು ದೂರದ ಕೆಲಸ. ಅದಕ್ಕೆ ಕಂಪ್ಯೂಟರ್, ಟ್ಯಾಬ್ಲೆಟ್, ಫೋನಿನಂಥ ಸಾಧನಗಳ ಬಳಕೆ ಸೇರಿದರೆ ಟೆಲಿವರ್ಕ್. ಸ್ವಂತ ವಾಸದ ಮನೆಯಲ್ಲಿ ನಡೆದರೆ ಮನೆಯಲ್ಲಿನ ಕೆಲಸ. ಯಾರಿಗೆ ಮನೆಯೇ ದುಡಿಮೆಯ ಮಾಮೂಲಿ ಜಾಗವೋ ಅವರದು ಗೃಹಾಧಾರಿತ ಕೆಲಸ. ಬೆಂಗಳೂರಿನ ಕಂಪನಿಯೊಂದರ ಎಂಜಿನಿಯರ್ ಮೈಸೂರಿನ ಬಾಡಿಗೆ ಕಚೇರಿಯೊಂದರಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡಿದರೆ ಅದು ಟೆಲಿವರ್ಕ್, ಆದರೆ ಮನೆಯ ಕೆಲಸವಲ್ಲ. ದಕ್ಷಿಣ ಕನ್ನಡದಲ್ಲಿ ಎಲೆ, ತಂಬಾಕು ತಂದು ಮನೆಯಲ್ಲೇ ಬೀಡಿ ಕಟ್ಟುವ ಹೆಂಗಸು ಗೃಹಾಧಾರಿತ ಕಾರ್ಮಿಕಳು. ಟೆಲಿವರ್ಕಿಗೂ ಆಕೆಗೂ ಸಂಬಂಧವಿಲ್ಲ.

ಈ ಎರಡನೆಯ ಉದಾಹರಣೆಯನ್ನು ಸಮ್ಮೇಳನದ ಸಂಘಟಕರು ಹಗುರವಾಗಿ ತೆಗೆದುಕೊಳ್ಳಬಾರದು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯು, ಕಚ್ಚಾಮಾಲು ಪಡೆದು ಮನೆಯಲ್ಲಿ ಬೀಡಿ ಕಟ್ಟುವವರನ್ನೂ ನೌಕರರೆಂದೇ ಪರಿಗಣಿಸಿತ್ತು. ಲ್ಯಾಪ್‌ಟಾಪ್‌ಗಳು ಬರುವುದಕ್ಕೆ ಎಷ್ಟೋ ಮೊದಲೇ ಮನೆಯೊಳಗಿನ ದುಡಿಮೆಗೆ ಕಾನೂನಿನ ರಕ್ಷಣೆ ಹೇಗಿರಬೇಕೆಂದು ನಮ್ಮಲ್ಲಿ ಯೋಚಿಸಲಾಗಿತ್ತು. ಗೃಹ ಕೆಲಸದ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 177ನೆಯ ಒಡಂಬಡಿಕೆ ಬಂದದ್ದು 1996ರಲ್ಲಿ. ಭಾರತ ಅದನ್ನು ಅನುಮೋದಿಸಿಲ್ಲ. ಕಚೇರಿಯ ನೌಕರ ಯಾವಾಗಲೋ ಒಮ್ಮೆ ಮನೆಯಲ್ಲಿ ಕೆಲಸ ಮಾಡಿದ ಮಾತ್ರಕ್ಕೆ ಆ ಒಡಂಬಡಿಕೆಯ ವ್ಯಾಪ್ತಿಗೆ ಬರುವುದಿಲ್ಲ. ಹೀಗಿರುವಾಗ ಬೀಡಿ ಕಾರ್ಮಿಕರ ಕುರಿತ ಪ್ರಬಂಧಕ್ಕೆ ಸಮ್ಮೇಳನದಲ್ಲಿ ಜಾಗವುಂಟೇ ಇಲ್ಲವೇ ಎಂಬುದನ್ನು ಪ್ರಬಂಧ ಆಹ್ವಾನಿಸುವಾಗಲೇ ಸ್ಪಷ್ಟಪಡಿಸಬೇಕು. ಜಾಗ ಇರಬೇಕೆಂಬುದೇ ನನ್ನ ಅಭಿಪ್ರಾಯ, ಆದರೆ ಬೇರೊಂದು ಗೋಷ್ಠಿಯಲ್ಲಿ, ಬೇರೆ ಹೆಸರಿನಲ್ಲಿ.

ದೇಶದಿಂದ ದೇಶಕ್ಕೆ ವ್ಯಾಖ್ಯೆಯ ಗಡಿ ಸರಿಯುತ್ತದೆ. ಯುರೋಪಿನ ಕಾರ್ಮಿಕ ಮತ್ತು ಮಾಲೀಕ ಒಕ್ಕೂಟಗಳು 2002ರ ಜುಲೈಯಲ್ಲಿ ಸಹಿ ಹಾಕಿದ ಚೌಕಟ್ಟು ಒಪ್ಪಂದದ ಪ್ರಕಾರ ಟೆಲಿವರ್ಕ್ ಎಂದರೆ ಉದ್ಯೋಗ ಕರಾರಿನ ಅಡಿಯಲ್ಲಿ, ಮಾಹಿತಿ ತಂತ್ರಜ್ಞಾನ ಬಳಸಿ, ಕಚೇರಿಯ ಹೊರಗೆ ನಿಯತವಾಗಿ ನಡೆಯುವ ಕೆಲಸ. ಅದು ಎರಡೂ ಕಡೆಯವರ ಇಚ್ಛೆಗೆ ಬಿಟ್ಟದ್ದು. ಸ್ಪೇನ್ 2020ರ ಸುಗ್ರೀವಾಜ್ಞೆಯಲ್ಲಿ ‘ನಿಯತ’ ಎಂಬುದಕ್ಕೆ ಅಳತೆಯನ್ನೇ ಕೊಟ್ಟಿತು: ಮೂರು ತಿಂಗಳ ಅವಧಿಯಲ್ಲಿ ಕೆಲಸದ ವೇಳೆಯ ಕನಿಷ್ಠ 30%. ಐದು ದಿನದ ವಾರದಲ್ಲಿ ಒಂದು ದಿನ ಮನೆಯಲ್ಲಿರುವ ನೌಕರ ಈ ಕಾನೂನಿನ ಹೊರಗುಳಿಯುತ್ತಾನೆ, ಎರಡು ದಿನ ಇರುವವನು ಒಳಗೆ ಬರುತ್ತಾನೆ. ಪೋರ್ಚುಗಲ್ 2021ರಲ್ಲಿ ತಂದ ಕಾನೂನು, ಹೆಚ್ಚುವರಿ ವಿದ್ಯುತ್ ಮತ್ತು ಅಂತರ್ಜಾಲದ ವೆಚ್ಚವನ್ನು ಉದ್ಯೋಗದಾತನೇ ಭರಿಸಬೇಕೆಂದೂ ವಿಶ್ರಾಂತಿಯ ವೇಳೆಯಲ್ಲಿ ನೌಕರರನ್ನು ಸಂಪರ್ಕಿಸಬಾರದೆಂದೂ ವಿಧಿಸಿತು. ಲ್ಯಾಟಿನ್ ಅಮೆರಿಕದಲ್ಲಿ ಕೊಲಂಬಿಯ 2008ರಲ್ಲೇ ಪ್ರತ್ಯೇಕ ಕಾನೂನು ಮಾಡಿತ್ತು. ಅರ್ಜೆಂಟೀನದ 2020ರ ಕಾನೂನು, ಒಪ್ಪಿಗೆ ಕೊಟ್ಟ ನೌಕರ ಮತ್ತೆ ಕಚೇರಿಗೆ ಮರಳುವ ಹಕ್ಕನ್ನು ಗಟ್ಟಿಗೊಳಿಸಿತು. ಅಮೆರಿಕದ 2010ರ ಕಾಯ್ದೆ ಅನ್ವಯಿಸುವುದು ಒಕ್ಕೂಟ ಸರ್ಕಾರದ ನೌಕರರಿಗೆ ಮಾತ್ರ.

ಭಾರತದ ದಾರಿ ಇವೆಲ್ಲಕ್ಕಿಂತ ಬೇರೆ. ಇಲ್ಲಿ ಟೆಲಿವರ್ಕಿನ ನಿಯಮಗಳು ಬಹುಮಟ್ಟಿಗೆ ಕಾರ್ಮಿಕ ಕಾನೂನಿನ ಬಾಗಿಲಿನಿಂದ ಬರಲೇ ಇಲ್ಲ. ಕಾಲ್ ಸೆಂಟರ್ ಮತ್ತು ಬಿಪಿಒ ನೌಕರರು ಮನೆಯಿಂದ ಕೆಲಸ ಮಾಡಬಹುದೇ ಎಂಬುದು ವರ್ಷಗಳ ಕಾಲ ದೂರಸಂಪರ್ಕ ಇಲಾಖೆಯ ನೋಂದಣಿ ಮತ್ತು ಭದ್ರತಾ ಠೇವಣಿಯ ಷರತ್ತುಗಳಿಗೆ ಒಳಪಟ್ಟಿತ್ತು; 2020ರ ನವೆಂಬರ್‌ನಲ್ಲಿ ಆ ಕಟ್ಟುಪಾಡುಗಳನ್ನು ಬಹುವಾಗಿ ಸಡಿಲಿಸಲಾಯಿತು. ವಿಶೇಷ ಆರ್ಥಿಕ ವಲಯಗಳಲ್ಲಿರುವ ಘಟಕಗಳಿಗೆ ಅವಕಾಶ ಸಿಕ್ಕಿದ್ದು ವಾಣಿಜ್ಯ ಇಲಾಖೆ 2022ರ ಜುಲೈಯಲ್ಲಿ ಸೇರಿಸಿದ 43ಎ ನಿಯಮದಿಂದ. ಆಗಿನ ಮಿತಿ ಒಟ್ಟು ನೌಕರರ 50%. ಹೆರಿಗೆ ರಜೆಯ ನಂತರ, ಕೆಲಸದ ಸ್ವರೂಪ ಅದಕ್ಕೆ ಹೊಂದುವಂತಿದ್ದರೆ, ಪರಸ್ಪರ ಒಪ್ಪಿದ ಷರತ್ತುಗಳ ಮೇಲೆ ಮನೆಯಿಂದ ದುಡಿಯಬಹುದೆಂದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಹೇಳಿತು. ಸಂಘಟಕರಿಗೆ ಇದರ ಅರ್ಥವಿಷ್ಟೆ: ಸ್ಪೇನಿನಿಂದ ಕಾರ್ಮಿಕ ಇಲಾಖೆಯವರನ್ನು ಕರೆದರೆ ಸಾಕಾದೀತು, ಭಾರತದಿಂದ ಕಾರ್ಮಿಕ ಇಲಾಖೆಯವರನ್ನಷ್ಟೇ ಕರೆದರೆ ಅರ್ಧ ಕಥೆ ಹೇಳುವವರೇ ಇರುವುದಿಲ್ಲ.

ಆನ್‌ಲೈನ್ ಎಂದ ಕೂಡಲೇ ಗಡಿಗಳೆಲ್ಲ ಅಳಿಸಿಹೋಗುತ್ತವೆ ಎಂದು ಭಾವಿಸುವುದೂ ಸರಿಯಲ್ಲ. 2021ರ ಜನವರಿಯಲ್ಲಿ ಶಿಕ್ಷಣ ಸಚಿವಾಲಯವು, ದೇಶದ ಭದ್ರತೆ, ಗಡಿ ಹಾಗೂ ಆಂತರಿಕ ವಿಚಾರಗಳಿಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಆನ್‌ಲೈನ್ ಸಮ್ಮೇಳನಗಳಿಗೆ ಸರ್ಕಾರಿ ಅನುದಾನದ ವಿಶ್ವವಿದ್ಯಾಲಯಗಳು ಮೊದಲೇ ಅನುಮತಿ ಪಡೆಯಬೇಕೆಂದು ಸೂಚಿಸಿತ್ತು. ‘ಆಂತರಿಕ ವಿಚಾರ’ ಎಂದರೆ ಏನೆಂಬುದು ಸ್ಪಷ್ಟವಿಲ್ಲವೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯೂ ಸೇರಿದಂತೆ ವಿದ್ವತ್ ಸಂಸ್ಥೆಗಳು ಆಕ್ಷೇಪಿಸಿದ ಮೇಲೆ ಫೆಬ್ರುವರಿಯಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು.

ವೇಳೆಯ ಸಮಸ್ಯೆಗೆ ಪೂರ್ಣ ಪರಿಹಾರವಿಲ್ಲ. ವಿಶ್ವ ಪ್ರಮಾಣ ಸಮಯ 13:30ಕ್ಕೆ ಆರಂಭಿಸಿದರೆ ಬೆಂಗಳೂರಿನಲ್ಲಿ ಸಂಜೆ ಏಳು ಗಂಟೆ, ಬ್ರೆಜಿಲಿಯದಲ್ಲಿ ಬೆಳಿಗ್ಗೆ ಹತ್ತೂವರೆ, ಟೋಕಿಯೊದಲ್ಲಿ ರಾತ್ರಿ ಹತ್ತೂವರೆ. ಮಾರ್ಚ್ ತಿಂಗಳಲ್ಲಿ ಸಮ್ಮೇಳನ ಇಟ್ಟುಕೊಳ್ಳುವವರು ಇನ್ನಷ್ಟು ಎಚ್ಚರವಾಗಿರಬೇಕು: ಅಮೆರಿಕ ತನ್ನ ಗಡಿಯಾರವನ್ನು ಆ ತಿಂಗಳ ಎರಡನೆಯ ಭಾನುವಾರ ಮುಂದಕ್ಕೆ ಇಡುತ್ತದೆ, ಯುರೋಪ್ ಕೊನೆಯ ಭಾನುವಾರ, ನಡುವಿನ ವಾರಗಳಲ್ಲಿ ಕಳೆದ ವರ್ಷದ ವೇಳಾಪಟ್ಟಿಯನ್ನು ನಂಬಿ ಕೂತವರಿಗೆ ಗೋಷ್ಠಿ ತಪ್ಪಬಹುದು.

ಇನ್ನು ದುಭಾಷಿಗಳ ವಿಚಾರ. ಸ್ಪ್ಯಾನಿಷ್, ಪೋರ್ಚುಗೀಸ್ ಮಾತಾಡುವ ದೇಶಗಳಲ್ಲಿ ಈ ವಿಷಯದ ಕಾನೂನು ಇಷ್ಟು ಬೆಳೆದಿರುವಾಗ ಇಂಗ್ಲಿಷ್ ಒಂದರಲ್ಲೇ ಸಮ್ಮೇಳನ ನಡೆಸುವುದು ಬಡತನವೇ ಸರಿ. ಏಕಕಾಲಿಕ ಭಾಷಾಂತರಕ್ಕೆ ಒಂದು ಭಾಷೆಗೆ ಇಬ್ಬರಾದರೂ ಬೇಕು. ಸುಮಾರು ಅರ್ಧ ಗಂಟೆಗೊಮ್ಮೆ ಅವರು ಸರದಿ ಬದಲಿಸುತ್ತಾರೆ. ಅವರಲ್ಲಿ ಹೆಚ್ಚಿನವರು ಯಾರ ಕೈಕೆಳಗೂ ಇಲ್ಲದೆ ಸ್ವತಂತ್ರವಾಗಿ ಕೆಲಸ ಮಾಡುವವರು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಅಂಕಿಅಂಶದ ಲೆಕ್ಕದಲ್ಲಿ, ತಮ್ಮ ಮನೆಯ ಕೋಣೆಯಲ್ಲಿ ಹೆಡ್‌ಫೋನ್ ತೊಟ್ಟು ಕೂತ ಅವರ ದುಡಿಮೆಯನ್ನೂ ಅಳೆಯುವುದು ಸ್ಥಳ ಮತ್ತು ಸಾಧನದಿಂದಲೇ. ಆದರೆ ಯುರೋಪಿನ ಒಪ್ಪಂದದ ಲೆಕ್ಕದಲ್ಲಿ ಉದ್ಯೋಗ ಕರಾರು ಇಲ್ಲದ ಕಾರಣ ಅವರು ಟೆಲಿವರ್ಕರ್‌ಗಳೇ ಅಲ್ಲ. ಹಾಗಾಗಿ ಅವರ ಸಂಭಾವನೆ, ಬಿಡುವು, ಉಪಕರಣದ ಖರ್ಚು ಯಾವ ಟೆಲಿವರ್ಕ್ ಕಾನೂನಿನ ಅಡಿಯಲ್ಲೂ ತಾನಾಗಿ ನಿರ್ಧಾರವಾಗುವುದಿಲ್ಲ. ಸಂಘಟಕರು ಅವರೊಡನೆ ಮಾಡಿಕೊಳ್ಳುವ ಕರಾರುಪತ್ರದಲ್ಲಿ ಬರೆದದ್ದಷ್ಟೇ ಅವರಿಗೆ ಸಲ್ಲುತ್ತದೆ.