ಸಮುದ್ರ ಕಾಣುವ ಕೋಣೆಗೆ ಎಷ್ಟು ಮೆಟ್ಟಿಲು?

ಇಟಲಿಗೆ ಹೊರಟು ನಮ್ಮ ಪ್ರವಾಸ ಏಜೆನ್ಸಿಯ ಕಚೇರಿಗೆ ಬರುವವರು ರೋಮ್, ಫ್ಲಾರೆನ್ಸ್, ವೆನಿಸ್ ನಗರಗಳ ಹೋಟೆಲ್ ಆಯ್ಕೆಯನ್ನು ಸಾಮಾನ್ಯವಾಗಿ ನನಗೇ ಬಿಡುತ್ತಾರೆ. ದಕ್ಷಿಣ ಇಟಲಿಯ ಅಮಾಲ್ಫಿ ಕರಾವಳಿಯ ಮಾತು ಬಂದೊಡನೆ ಮಾತ್ರ ಮೊಬೈಲ್ ತೆಗೆದು ಒಂದು ಚಿತ್ರ ತೋರಿಸುತ್ತಾರೆ: ಬೆಟ್ಟದ ಮೈಗೆ ಅಂಟಿಕೊಂಡ ಬಣ್ಣದ ಮನೆಗಳು, ಕೆಳಗೆ ನೀಲಿ ಸಮುದ್ರ, ಮುಂದುಗಡೆ ಕಾಗದದ ಹೂವಿನ ಬಳ್ಳಿ ಹಬ್ಬಿದ ಬಾಲ್ಕನಿ. ಇಂಥದೇ ಕೋಣೆ ಬೇಕೆಂಬುದು ಅವರ ಬೇಡಿಕೆ. ಆಗ ನಾನು ಮೊದಲು ವಿಚಾರಿಸುವುದು ಬಜೆಟ್ಟನ್ನಲ್ಲ. ಜೊತೆಗೆ ಬರುವವರಲ್ಲಿ ಯಾರಿಗಾದರೂ ಮಂಡಿನೋವಿದೆಯೇ, ಒಟ್ಟು ಎಷ್ಟು ಸೂಟ್‌ಕೇಸ್ ಒಯ್ಯುತ್ತೀರಿ ಎಂದು ಕೇಳುತ್ತೇನೆ. ಕೆಲವರಿಗೆ ಇದು ಅಧಿಕಪ್ರಸಂಗವೆನಿಸುತ್ತದೆ.

ಈ ಪ್ರಶ್ನೆಯನ್ನು ನನಗೆ ಕಲಿಸಿದ್ದು ನಾನೇ ಮಾಡಿದ ಒಂದು ತಪ್ಪು. ವೃತ್ತಿಯ ಆರಂಭದ ವರ್ಷಗಳಲ್ಲಿ ಮೈಸೂರಿನ ನಿವೃತ್ತ ದಂಪತಿಗೆ ಪೊಸಿತಾನೊ ಎಂಬ ಊರಿನಲ್ಲಿ ಮೂರು ನಕ್ಷತ್ರಗಳ ಹೋಟೆಲೊಂದನ್ನು ಬುಕ್ ಮಾಡಿದ್ದೆ. ಚಿತ್ರಗಳು ಚೆನ್ನಾಗಿದ್ದವು, ಉಳಿದು ಬಂದವರ ಅಭಿಪ್ರಾಯಗಳು ಚೆನ್ನಾಗಿದ್ದವು, ಬೀಚಿಗೆ 250 ಮೀಟರ್ ದೂರವೆಂದು ಬರೆದಿತ್ತು. ಅಲ್ಲಿ ತಲುಪಿದ ಸಂಜೆ ಯಜಮಾನರು ಫೋನ್ ಮಾಡಿದರು. ಟ್ಯಾಕ್ಸಿ ರಸ್ತೆಯಲ್ಲೇ ನಿಂತಿತ್ತು. ಚಾಲಕ ಎರಡು ಗೋಡೆಗಳ ನಡುವಿನ ಕಿರಿದಾದ ಮೆಟ್ಟಿಲಸಾಲನ್ನು ಬೆರಳಿನಿಂದ ತೋರಿಸಿ ಹೊರಟುಹೋಗಿದ್ದ. ಎಂಜಿನಿಯರ್ ಆಗಿದ್ದವರಾದ್ದರಿಂದ ಅವರು ಎಣಿಸಿಯೇ ಹತ್ತಿದ್ದರು, 138 ಮೆಟ್ಟಿಲು. ಅವರ ಪತ್ನಿ ಅರ್ಧದಾರಿಯಲ್ಲಿ, ಅವಲಕ್ಕಿ ಚಟ್ನಿಪುಡಿಗಳಿದ್ದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತುಬಿಟ್ಟಿದ್ದರಂತೆ. ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ವರ್ಷಕ್ಕೊಮ್ಮೆ ಭಕ್ತಿಯಿಂದ ಹತ್ತುವುದು ಬೇರೆ, ಊಟಕ್ಕೆ ಹೋಗಿ ಬರಲು ದಿನಕ್ಕೆ ಎರಡು ಬಾರಿ ಹತ್ತುವುದು ಬೇರೆ. ನಾಲ್ಕು ದಿನಗಳ ವಾಸ್ತವ್ಯದಲ್ಲಿ ಆಕೆ ಸಮುದ್ರತೀರಕ್ಕೆ ಇಳಿದದ್ದು ಒಂದೇ ಸಲ. ಹೋಟೆಲಿನವರು ಸುಳ್ಳು ಹೇಳಿರಲಿಲ್ಲ. ನಕ್ಷೆಯ ಮೇಲೆ ಅಳೆದರೆ ಅದು 250 ಮೀಟರೇ. ಆ ಅಳತೆ ಅಡ್ಡಡ್ಡ ಅಳತೆ ಎಂಬುದು ಮಾತ್ರ ನನಗೆ ಹೊಳೆದಿರಲಿಲ್ಲ.

ಈ ಕರಾವಳಿ ಹೀಗಿರುವುದಕ್ಕೆ ಕಾರಣವಿದೆ. ಲತ್ತಾರಿ ಬೆಟ್ಟಸಾಲು ನೇರವಾಗಿ ಸಮುದ್ರಕ್ಕೆ ಇಳಿಯುವ ಈ ಭಾಗದಲ್ಲಿ ಬಯಲೆಂಬುದು ಬಹಳ ಕಡಿಮೆ. ಹತ್ತೊಂಬತ್ತನೆಯ ಶತಮಾನದಲ್ಲಿ ಗಾಡಿರಸ್ತೆ ಬರುವವರೆಗೆ ಇಲ್ಲಿನ ಊರುಗಳ ಸಂಪರ್ಕವೆಲ್ಲ ದೋಣಿ ಮತ್ತು ಹೇಸರಗತ್ತೆಯ ಮೂಲಕವೇ ನಡೆಯುತ್ತಿತ್ತು. ಆದ್ದರಿಂದ ಮನೆಗಳು ಮೆಟ್ಟಿಲುಗಳ ಸುತ್ತ ಬೆಳೆದವೇ ಹೊರತು ರಸ್ತೆಯ ಸುತ್ತ ಅಲ್ಲ. ಇಂದು ಎಸ್‌ಎಸ್ 163 ಹೆದ್ದಾರಿ ಎನಿಸಿಕೊಂಡಿರುವ ಆ ರಸ್ತೆ ಬೆಟ್ಟದ ನಡುಮಟ್ಟದಲ್ಲಿ ಸುಮಾರು 50 ಕಿಲೋಮೀಟರ್ ಸುತ್ತಿ ಬಳಸಿ ಸಾಗುತ್ತದೆ. ಹೋಟೆಲುಗಳು ಆ ರಸ್ತೆಗಿಂತ ಮೇಲಿರುತ್ತವೆ, ಇಲ್ಲವೇ ಕೆಳಗಿರುತ್ತವೆ. 1997ರಲ್ಲಿ ಯುನೆಸ್ಕೊ ಈ ಇಡೀ ಪ್ರದೇಶವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಈ ನೆಲದ ರಚನೆಯೂ ಇತಿಹಾಸವೂ ಸೇರಿ ರೂಪಿಸಿದ ಭೂದೃಶ್ಯಕ್ಕಾಗಿ. ನಮ್ಮ ಸೂಟ್‌ಕೇಸಿನ ಚಕ್ರಗಳಿಗೆ ಅದೇ ರಚನೆ ಶತ್ರು.

ಆದುದರಿಂದ ಬುಕ್ ಮಾಡುವ ಮೊದಲು ಹೋಟೆಲಿಗೆ ನೇರವಾಗಿ ಮಿಂಚಂಚೆ ಬರೆಯುವುದು ನನ್ನ ಪದ್ಧತಿ. ಲಿಫ್ಟ್ ಇದೆಯೇ ಎಂದು ಕೇಳಿದರೆ ಸಾಲದು, ಇದೆ ಎಂದೇ ಉತ್ತರ ಬರುತ್ತದೆ. ವಾಹನ ನಿಲ್ಲುವ ಜಾಗದಿಂದ ಸ್ವಾಗತಕಕ್ಷೆಗೆ ಎಷ್ಟು ಮೆಟ್ಟಿಲು, ಸ್ವಾಗತಕಕ್ಷೆಯಿಂದ ನಮಗೆ ಕೊಡುವ ಕೋಣೆಗೆ ಎಷ್ಟು, ಲಿಫ್ಟ್ ಇದ್ದರೆ ಅದು ಆರಂಭವಾಗುವುದು ಯಾವ ಮಟ್ಟದಿಂದ ಎಂದು ಬಿಡಿಸಿ ಕೇಳಬೇಕು. ರಸ್ತೆಗಿಂತ ಕೆಳಗಿರುವ ಕೆಲವು ಹೋಟೆಲುಗಳಲ್ಲಿ ಸ್ವಾಗತಕಕ್ಷೆ ಎಲ್ಲಕ್ಕಿಂತ ಮೇಲಿದ್ದು ಕೋಣೆಗಳು ಬಾವಿಗೆ ಇಳಿದಂತೆ ಕೆಳಕೆಳಗೆ ಇರುತ್ತವೆ, ಬರುವಾಗ ಸಲೀಸು, ಹೊರಗೆ ಹೋಗುವಾಗ ಏರು. ಸಂಖ್ಯೆಯಲ್ಲಿ ಉತ್ತರ ಕೊಡುವ ಹೋಟೆಲನ್ನು ನಾನು ನಂಬುತ್ತೇನೆ. ‘ಕೆಲವೇ ಮೆಟ್ಟಿಲುಗಳು’ ಎಂದು ಬರೆದವರಿಗೆ ಮತ್ತೊಮ್ಮೆ ಬರೆಯುತ್ತೇನೆ, ಏಕೆಂದರೆ ಹುಟ್ಟಿದಾಗಿನಿಂದ ಮೆಟ್ಟಿಲು ಹತ್ತಿದವರ ಲೆಕ್ಕದಲ್ಲಿ ಅರವತ್ತೂ ಕೆಲವೇ. ಸಾಮಾನು ಹೊರುವವರ ವ್ಯವಸ್ಥೆ ಪೊಸಿತಾನೊದಲ್ಲಿದೆ, ಒಂದೊಂದು ನಗಕ್ಕೆ ಇಷ್ಟೆಂದು ದರ. ಅದನ್ನೂ ಮೊದಲೇ ಕೇಳಿಟ್ಟುಕೊಂಡರೆ ಲೇಸು.

ಹಾಗಾದರೆ ಯಾವ ಊರು? ಪೊಸಿತಾನೊ ಕಣ್ಣಿಗೆ ಹಬ್ಬ, ಜೇಬಿಗೆ ಹೊರೆ, ಮಂಡಿಗೆ ಶಿಕ್ಷೆ. ಮಧುಚಂದ್ರಕ್ಕೆ ಹೋಗುವ ತರುಣರಿಗೆ ನಾನು ಅಡ್ಡಿ ಹೇಳುವುದಿಲ್ಲ, ಆದರೆ ಸ್ಪೋಂಡಾ ಬಸ್ ನಿಲ್ದಾಣದ ಬಳಿಯೋ ಊರೊಳಗಿನ ಏಕಮುಖ ರಸ್ತೆಯ ಪಕ್ಕದಲ್ಲೋ ಇರುವ ಹೋಟೆಲನ್ನೇ ಹುಡುಕುತ್ತೇನೆ. ಅಲ್ಲಿ ಸಂಜೆಯ ಬಿಸಿಲನ್ನು ಪಶ್ಚಿಮದ ಬೆಟ್ಟ ಬೇಗ ನುಂಗಿಬಿಡುತ್ತದೆ. ಸಮುದ್ರದ ಮೇಲೆ ಸೂರ್ಯಾಸ್ತ ನೋಡಬೇಕೆನ್ನುವವರಿಗೆ ಪಕ್ಕದ ಪ್ರಯಾನೊ ಉತ್ತಮ, ಅದರ ಗವಿತೆಲ್ಲಾ ತೀರ ಪಶ್ಚಿಮಕ್ಕೆ ಮುಖ ಮಾಡಿದೆ. ಆದರೆ ಆ ತೀರಕ್ಕೆ ಇಳಿಯಲೂ ನೂರಾರು ಮೆಟ್ಟಿಲುಗಳಿವೆ.

ರಾವೆಲ್ಲೊ ಸಮುದ್ರಮಟ್ಟದಿಂದ ಸುಮಾರು 350 ಮೀಟರ್ ಎತ್ತರದಲ್ಲಿದೆ. ಸಮುದ್ರವನ್ನು ನೋಡಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ, ಸಮುದ್ರವನ್ನು ಮುಟ್ಟಲು ಅದಕ್ಕಿಂತ ಅನನುಕೂಲದ ಜಾಗವೂ ಇಲ್ಲ. 1880ರಲ್ಲಿ ಇಲ್ಲಿನ ವಿಲ್ಲಾ ರುಫೊಲೊದ ತೋಟ ನೋಡಿ ಸಂಗೀತಕಾರ ವಾಗ್ನರ್ ಮಾರುಹೋದನೆಂದು ಪ್ರವಾಸಿಗರಿಗೆಲ್ಲ ಹೇಳುತ್ತಾರೆ. ಊರಿನ ಚೌಕ ಸಮತಟ್ಟಾಗಿದ್ದು, ಹಗಲಿನ ಪ್ರವಾಸಿಗರು ಮರಳಿದ ಮೇಲೆ ಗದ್ದಲವಿರುವುದಿಲ್ಲ. ನೀರಿಗಿಳಿಯುವ ಆಸೆಯಿಲ್ಲದೆ, ತಂಪಾಗಿ ಕುಳಿತು ಓದಬೇಕೆನ್ನುವವರನ್ನು ನಾನು ಅಲ್ಲಿಗೆ ಕಳುಹಿಸುತ್ತೇನೆ. ಅಮಾಲ್ಫಿ ಪಟ್ಟಣಕ್ಕೆ ಸೌಂದರ್ಯಕ್ಕಿಂತ ಅನುಕೂಲದ ಕಾರಣದಿಂದ ಅಂಕ ಕೊಡುತ್ತೇನೆ: ಬಸ್ಸುಗಳೂ ದೋಣಿಗಳೂ ಒಂದೇ ಚೌಕದಲ್ಲಿ ಕೂಡುತ್ತವೆ, ಮುಖ್ಯಬೀದಿ ಕಣಿವೆಯ ತಳದಲ್ಲಿ ಸೌಮ್ಯವಾಗಿ ಏರುತ್ತದೆ.

ಹಿರಿಯರೂ ಮಕ್ಕಳೂ ಇರುವ ಕುಟುಂಬಗಳಿಗೆ ನಾನು ಸೂಚಿಸುವುದು ಮಯೋರಿಯನ್ನು. ಹೆಸರು ಕೇಳಿ ಮುಖ ಸಣ್ಣ ಮಾಡಿಕೊಳ್ಳುವವರೇ ಹೆಚ್ಚು, ಯಾರ ಚಿತ್ರದಲ್ಲೂ ಅದನ್ನು ನೋಡಿರುವುದಿಲ್ಲವಲ್ಲ. 1954ರ ಅಕ್ಟೋಬರಿನಲ್ಲಿ ಸುರಿದ ಮಳೆಗೆ ಈ ಭಾಗದ ಹಳ್ಳಗಳು ಉಕ್ಕಿ ಮಯೋರಿಯ ಹಳೆಯ ಸಮುದ್ರಮುಖವನ್ನು ಕೊಚ್ಚಿಕೊಂಡು ಹೋದವು. ಆಮೇಲೆ ಕಟ್ಟಿದ ಕಟ್ಟಡಗಳು ನೋಡಲು ಸಾಧಾರಣ, ಆದರೆ ಅವುಗಳಲ್ಲಿ ಲಿಫ್ಟ್ ಇರುವುದು ಹೆಚ್ಚು, ಮುಂದೆ ಅಗಲವಾದ ಸಮತಟ್ಟಾದ ಕಾಲುದಾರಿಯಿದೆ, ಸುಮಾರು 1 ಕಿಲೋಮೀಟರ್ ಉದ್ದದ ತೀರವಿದೆ. ಈ ಕರಾವಳಿಯಲ್ಲಿ ಅಷ್ಟುದ್ದದ ತೀರ ಇನ್ನೊಂದಿಲ್ಲ. ಒಂದು ದುರಂತ ಬಿಟ್ಟುಹೋದ ಬಯಲು ಇಂದು ಗಾಲಿಕುರ್ಚಿ, ಮಕ್ಕಳ ತಳ್ಳುಗಾಡಿಗಳಿಗೆ ಅನುಕೂಲವಾಗಿದೆ. ಪಕ್ಕದ ಮಿನೋರಿಯೂ ಹೆಚ್ಚುಕಡಿಮೆ ಹೀಗೆಯೇ, ಗಾತ್ರದಲ್ಲಿ ಚಿಕ್ಕದು. ಊರ ನಡುವೆ ಒಂದನೆಯ ಶತಮಾನದ ರೋಮನ್ ಬಂಗಲೆಯ ಅವಶೇಷವಿದೆ. ಎರಡೂ ಊರುಗಳ ನಡುವೆ ನಿಂಬೆತೋಟಗಳೊಳಗಿನ ಕಾಲುದಾರಿಯುಂಟು, ಅದಕ್ಕೆ ಮಾತ್ರ ಮೆಟ್ಟಿಲುಗಳಿವೆ.

ಊರಿನ ಆಯ್ಕೆಯನ್ನು ಸಾರಿಗೆಯಿಂದ ಬೇರ್ಪಡಿಸಿ ನೋಡಲಾಗದು. ಸೊರೆಂಟೊ ಮತ್ತು ಸಲೆರ್ನೊ ಕಡೆಗಳಿಂದ ಹೊರಡುವ ಬಸ್ಸುಗಳು ಅಮಾಲ್ಫಿಯಲ್ಲಿ ಸಂಧಿಸುತ್ತವೆ. ಬೇಸಿಗೆಯ ದಿನಗಳಲ್ಲಿ ನಡುವಿನ ನಿಲ್ದಾಣಗಳಲ್ಲಿ ತುಂಬಿದ ಬಸ್ಸು ನಿಲ್ಲದೆ ಹೋಗುವುದು ಸಾಮಾನ್ಯ. ಕಾರು ಬಾಡಿಗೆಗೆ ಪಡೆಯುವ ಯೋಚನೆಯನ್ನು ನಾನು ಬಿಡಿಸುತ್ತೇನೆ. ಪಾರ್ಕಿಂಗ್ ದುಬಾರಿ, ತಿರುವುಗಳಲ್ಲಿ ಬಸ್ಸು ಎದುರಾದರೆ ಹಿಂದೆ ಸರಿಯಬೇಕಾದವರು ನೀವೇ, ಜೊತೆಗೆ 2022ರಿಂದ ದಟ್ಟಣೆಯ ದಿನಗಳಲ್ಲಿ ನೋಂದಣಿ ಸಂಖ್ಯೆಯ ಸಮ ಬೆಸ ನಿಯಮವೂ ಜಾರಿಯಲ್ಲಿದೆ. ಸರಿಸುಮಾರು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಓಡುವ ದೋಣಿಗಳೇ ಸುಖಕರ. ಹೋಟೆಲು ದೋಣಿಕಟ್ಟೆಗೆ ನಡೆದು ಹೋಗುವಷ್ಟು ಹತ್ತಿರವಿದ್ದರೆ ನಿಮ್ಮ ಪ್ರವಾಸದ ಅರ್ಧ ತಲೆನೋವು ಕಳೆದಂತೆ. ಸಮುದ್ರ ಒರಟಾದ ದಿನ ದೋಣಿಗಳು ರದ್ದಾಗುತ್ತವೆ, ಅದಕ್ಕೂ ಸಿದ್ಧರಿರಬೇಕು. ನವೆಂಬರ್‌ನಿಂದ ವಸಂತದವರೆಗೆ ಬಹಳಷ್ಟು ಹೋಟೆಲುಗಳೇ ಮುಚ್ಚಿರುತ್ತವೆ. ಆಗಸ್ಟ್ 15ರ ಆಸುಪಾಸಿನಲ್ಲಿ ಇಟಲಿಯವರೆಲ್ಲ ರಜೆಯ ಮೇಲೆ ಕಡಲಿಗೆ ಬರುವುದರಿಂದ ದರವೂ ಜನವೂ ತುದಿ ಮುಟ್ಟಿರುತ್ತವೆ. ನಮ್ಮ ಸ್ವಾತಂತ್ರ್ಯ ದಿನದ ರಜೆ ಸೇರಿಸಿಕೊಂಡು ಹೊರಡುವವರು ಇದನ್ನು ಗಮನಿಸಬೇಕು.

ಇನ್ನು ಕೋಣೆಯ ವರ್ಣನೆಯ ಭಾಷೆ. ‘ವಿಸ್ತಾ ಮಾರೆ’ ಎಂದರೆ ಸಮುದ್ರನೋಟ. ಅದರ ಮುಂದೆ ‘ಲಾತೆರಾಲೆ’ ಎಂದಿದ್ದರೆ ಬಾಲ್ಕನಿಯಲ್ಲಿ ನಿಂತು ಕತ್ತು ಹೊರಳಿಸಬೇಕು, ‘ಪಾರ್ಸಿಯಾಲೆ’ ಎಂದಿದ್ದರೆ ಎರಡು ಕಟ್ಟಡಗಳ ಸಂದಿಯಲ್ಲಿ ಒಂದು ನೀಲಿ ಪಟ್ಟಿ. ನನ್ನ ಅಭಿಪ್ರಾಯದಲ್ಲಿ, ದಿನವಿಡೀ ಹೊರಗೆ ಸುತ್ತುವವರು ಇದಕ್ಕಾಗಿ ಹೆಚ್ಚಿನ ಹಣ ತೆರುವುದಕ್ಕಿಂತ, ಎಲ್ಲರೂ ಕುಳಿತುಕೊಳ್ಳಬಹುದಾದ ದೊಡ್ಡ ಟೆರೇಸ್ ಇರುವ ಹೋಟೆಲಿನಲ್ಲಿ ಒಳಮುಖದ ಕೋಣೆ ಪಡೆಯುವುದು ಜಾಣತನ. ನಕ್ಷತ್ರಗಳನ್ನೂ ಅತಿಯಾಗಿ ನಂಬಬಾರದು. ಅವು ಸೌಲಭ್ಯಗಳ ಲೆಕ್ಕವನ್ನು ಹೇಳುತ್ತವೆ, ನೋಟವನ್ನಾಗಲಿ ಆತಿಥ್ಯವನ್ನಾಗಲಿ ಅಳೆಯುವುದಿಲ್ಲ. ಮನೆಮಂದಿಯೇ ನಡೆಸುವ ಮೂರು ನಕ್ಷತ್ರಗಳ ಹೋಟೆಲುಗಳಲ್ಲಿ ನಮ್ಮ ಗ್ರಾಹಕರು ಹೆಚ್ಚು ಸಂತೋಷದಿಂದ ಇದ್ದುದನ್ನು ಕಂಡಿದ್ದೇನೆ. ಹೋಟೆಲಿನ ಬದಲು ಅಪಾರ್ಟ್‌ಮೆಂಟ್ ಹಿಡಿಯುವವರು, 2025ರ ಜನವರಿ 1ರಿಂದ ಕಡ್ಡಾಯವಾಗಿರುವ ‘ಚಿನ್’ ಎಂಬ ರಾಷ್ಟ್ರೀಯ ಗುರುತಿನ ಸಂಕೇತ ಜಾಹೀರಾತಿನಲ್ಲಿದೆಯೇ ಎಂದು ನೋಡಿಕೊಳ್ಳಲಿ.

‘ಬೀಚಿನ ಮುಂದೆ’ ಎಂದಿರುವ ಹೋಟೆಲಿನಲ್ಲಿ ಇಳಿದರೂ ಮರಳಿನ ಮೇಲಿನ ಕೊಡೆ ಕುರ್ಚಿಗಳು ಬಿಟ್ಟಿಯಲ್ಲ. ತೀರದ ಹೆಚ್ಚಿನ ಭಾಗ ಖಾಸಗಿ ನಿರ್ವಾಹಕರು ನಡೆಸುವ ‘ಲಿದೊ’, ಅಂದರೆ ಬಾಡಿಗೆಯ ತೀರ, ದಿನಕ್ಕಿಷ್ಟೆಂದು ದರ. ಟವೆಲ್ ಹಾಸಿಕೊಂಡು ಕೂರಲು ‘ಸ್ಪಿಯಾಜಾ ಲಿಬೆರಾ’, ಅಂದರೆ ಮುಕ್ತ ತೀರ ಬೇರೆಯೇ ಇರುತ್ತದೆ. ಹೋಟೆಲಿನ ದರದಲ್ಲಿ ಲಿದೊ ಸೇರಿದೆಯೇ ಎಂದು ಕೇಳಬೇಕು. ತಲೆಗೆ, ರಾತ್ರಿಗೆ ಇಷ್ಟೆಂದು ಲೆಕ್ಕ ಹಾಕುವ ಊರಿನ ವಾಸ್ತವ್ಯ ತೆರಿಗೆಯನ್ನೂ ಸಾಮಾನ್ಯವಾಗಿ ಅಲ್ಲೇ ಪ್ರತ್ಯೇಕವಾಗಿ ಕೊಡಬೇಕಾಗುತ್ತದೆ. ಹೋಟೆಲಿನವರು ಪಾಸ್‌ಪೋರ್ಟ್ ತೆಗೆದುಕೊಂಡು ಒಳಗೆ ಹೋದರೆ ಗಾಬರಿಪಡಬೇಕಿಲ್ಲ, ಅತಿಥಿಗಳ ವಿವರವನ್ನು ಪೊಲೀಸರಿಗೆ ತಿಳಿಸುವುದು ಅಲ್ಲಿನ ಕಾನೂನು.

ಸಸ್ಯಾಹಾರಿಗಳು ರಾತ್ರಿಯೂಟ ಸೇರಿದ ‘ಮೆಝಾ ಪೆನ್ಸಿಯೊನೆ’ ದರವನ್ನು ಒಪ್ಪಿಕೊಳ್ಳುವ ಮೊದಲು ಮೆನು ತರಿಸಿಕೊಳ್ಳಬೇಕು. ಇದು ಮೀನುಗಾರರ ಕರಾವಳಿ; ಚೆತಾರಾ ಎಂಬ ಊರಿನ ಹೆಸರಾಂತ ಉತ್ಪನ್ನವೇ ಮೀನಿನಿಂದ ಬಸಿದ ರಸ, ಅದನ್ನು ಪಾಸ್ತಾಕ್ಕೆ ಬೆರೆಸಿದರೆ ಕಣ್ಣಿಗೆ ಕಾಣಿಸುವುದಿಲ್ಲ. ತರಕಾರಿ ಸೂಪಿಗೂ ಮಾಂಸದ ಸಾರು ಹಾಕುವವರಿದ್ದಾರೆ. ಪಾರ್ಮೆಸಾನ್ ಚೀಸನ್ನು ಕರುವಿನ ಜಠರದಿಂದ ತೆಗೆದ ಹೆಪ್ಪಿನಿಂದಲೇ ಮಾಡುತ್ತಾರೆ ಎಂದು ತಿಳಿಸಿದಾಗ ನನ್ನೆದುರು ಕುಳಿತವರು ಮೌನವಾದದ್ದುಂಟು, ಆದರೂ ಅದನ್ನು ಮುಚ್ಚಿಡುವುದು ಸರಿಯಲ್ಲ. ಬೆಳಗಿನ ತಿಂಡಿ ಮಾತ್ರ ಸೇರಿದ ದರ ಪಡೆದು, ರಾತ್ರಿ ಟೊಮೆಟೊ ಪಾಸ್ತಾವನ್ನೋ ಪಿಜ್ಜಾವನ್ನೋ ಕೇಳಿ ಮಾಡಿಸಿಕೊಳ್ಳುವುದೇ ಅನುಕೂಲ.

ಇಟಲಿಗೆ ಹೋಗಲು ಬೇಕಾದ ಷೆಂಗೆನ್ ವೀಸಾದ ಅರ್ಜಿಗೆ ವಾಸ್ತವ್ಯದ ದಾಖಲೆ ಬೇಕಾಗುತ್ತದೆ. ಅರ್ಜಿಯನ್ನು ಪ್ರಯಾಣಕ್ಕೆ 6 ತಿಂಗಳು ಮೊದಲಿನಿಂದ ಸಲ್ಲಿಸಬಹುದು, ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನ ಹಿಡಿಯುತ್ತದೆ. ಆದ್ದರಿಂದ ಉಚಿತ ರದ್ದತಿಯ ಕೊನೆಯ ದಿನಾಂಕ ವೀಸಾ ಕೈಸೇರುವ ನಿರೀಕ್ಷಿತ ದಿನಕ್ಕಿಂತ ಆಚೆಗಿರುವಂತೆ ನೋಡಿಕೊಂಡು, ನಿಜವಾಗಿ ಉಳಿಯಲಿರುವ ಹೋಟೆಲನ್ನೇ ಬುಕ್ ಮಾಡಿಸುತ್ತೇನೆ. ವಿಮಾನದಿಂದ ಇಳಿದು ನೇಪಲ್ಸ್ ತಲುಪುವಾಗ ಸಂಜೆಯಾಗುವವರಿಗೆ ಮೊದಲ ರಾತ್ರಿಯನ್ನು ಸಲೆರ್ನೊದಲ್ಲಿ ಹಾಕುತ್ತೇನೆ. ಅದು ವೇಗದ ರೈಲುಗಳು ಬರುವ ಸಮತಟ್ಟಾದ ಪಟ್ಟಣ, ಹೋಟೆಲುಗಳೂ ಅಗ್ಗ. ಅಮಾಲ್ಫಿಗೆ ಹೋಗುವ ದೋಣಿಯ ಕಟ್ಟೆ ನಿಲ್ದಾಣದಿಂದ ಕೆಲವೇ ನಿಮಿಷಗಳ ನಡಿಗೆಯಷ್ಟು ದೂರ, ಮತ್ತು ಆ ನಡಿಗೆಯಲ್ಲಿ ಏರುವ ಮೆಟ್ಟಿಲಿಲ್ಲ.